ಕಂಬದ ಬುಡದ ಹಾಲಿನ ಕ್ಯಾನು

ಇಂದು ಬೆಳಿಗ್ಗೆ ಯಾರೋ ಖಾಲಿ ಹಾಲಿನ ಕ್ಯಾನನ್ನು ಬಾಸ್ಕೆಟ್‌ಬಾಲ್ ಅಂಗಳದ ಸಿಮೆಂಟಿನ ಮೇಲೆ ಇಟ್ಟರು. ಟಣ್ ಎಂಬ ಆ ಸದ್ದಿಗೆ ನನ್ನ ಬಾಯಲ್ಲಿದ್ದ ಸೀಟಿ ಹಾಗೇ ನಿಂತಿತು. ಕಸ್ತೂರಿಯ ನೆನಪಾಯಿತು.

ಹಿಡಕಲ್‌ನ ನೀರಾವರಿ ಕಾಲನಿಯ ಈ ಅಂಗಳವನ್ನು ಯಾವ ಸಾಹೇಬರ ಕಾಲದಲ್ಲಿ ಕಟ್ಟಿದರೋ, ನಾನು ಕಂಡಾಗ ಅದರ ಮೇಲೆ ಹಪ್ಪಳ, ಶಾವಿಗೆ ಒಣಗುತ್ತಿದ್ದವು. ಶಾಲೆಯಲ್ಲಿ ಆಟ ಕಲಿಸುವ ‘ಬಾಯಾರು’ ಆಗಿದ್ದು ನಿವೃತ್ತಳಾದ ನನಗೆ ಮನೆಯಲ್ಲಿ ಕೈ ಕಟ್ಟಿ ಕೂರಲಾಗಲಿಲ್ಲ. ಹಪ್ಪಳದವರ ಕೈಕಾಲು ಹಿಡಿದು ಜಾಗ ಬಿಡಿಸಿಕೊಂಡು ಹೆಂಗಸರ ಕ್ಲಬ್ಬು ಶುರು ಮಾಡಿದೆ. ಶಾಲೆಯ ಹುಡುಗಿಯರು ಬಂದರು. ಒಂದು ಕಾಲು ಎಳೆದು ನಡೆಯುವ ಹೊಲಿಗೆಯ ಮಾಲಾ ಬಂದಳು. ಮೊಮ್ಮಕ್ಕಳನ್ನು ಕಂಡ ಗೌರಕ್ಕ ಸೀರೆಗೆ ಕಚ್ಚೆ ಹಾಕಿಕೊಂಡು ಬಂದಳು. ‘ಯಾರು ಬೇಕಾದರೂ ಬರಬಹುದು’ ಎಂದು ಹಲಗೆಯ ಮೇಲೆ ಬರೆದು, ದೂರ ನಿಂತು ಓದಿ, ನನ್ನನ್ನು ನಾನೇ ಮೆಚ್ಚಿಕೊಂಡೆ.

ಕಸ್ತೂರಿ ಪಕ್ಕದ ಹಳ್ಳಿಯ ಸೊಸೆ, ಕಾಲನಿಗೆ ಹಾಲು ಹಾಕುವವಳು. ಒಂದು ದಿನ ಖಾಲಿ ಕ್ಯಾನನ್ನು ಕಂಬದ ಬುಡದಲ್ಲಿಟ್ಟು, ಉರುಳಿ ಬಂದ ಚೆಂಡನ್ನು ಎತ್ತಿ, ಎರಡೂ ಕೈಯಿಂದ ಮೊಣಕಾಲ ಹತ್ತಿರದಿಂದಲೇ ಮೇಲಕ್ಕೆ ತೂರಿದಳು. ಚೆಂಡು ಸೀದಾ ಹರಿದ ಬಲೆಯ ರಿಂಗಿನೊಳಗೆ ಬಿತ್ತು.

“ಕಣಿಕಿ ಸೂಡು ಬಣವಿ ಮ್ಯಾಲ ಒಗದು ರೂಢಿ ಐತ್ರಿ ಬಾಯಾರ,” ಎಂದು ನಾಚಿದಳು.

ಜೋಳದ ದಂಟಿನ ಕಟ್ಟುಗಳನ್ನು ಬಣವೆಗೆ ಎಸೆದು ಪಳಗಿದ ಕೈ. ತಲೆಯ ಮೇಲಿಂದ ಎಸೆಯಬೇಕೆಂದು ತಿಂಗಳುಗಟ್ಟಲೆ ತಿದ್ದಿದೆ. ನಾನು ಹೇಳಿದ ಹಾಗೆ ಎಸೆದರೆ ತಪ್ಪುತ್ತಿತ್ತು, ಅವಳ ಹಾಗೆ ಎಸೆದರೆ ಬೀಳುತ್ತಿತ್ತು. ಕೊನೆಗೆ ನಾನೇ ಸುಮ್ಮನಾದೆ. ದಿನಾ ಅರ್ಧ ತಾಸು ಆಡಿ, ಬೆವರು ಒರೆಸಿಕೊಂಡು, ನಗುತ್ತಾ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದಳು.

ಆಮೇಲೆ ಗೋಕಾಕದಲ್ಲಿ ಒಂದು ಪಂದ್ಯ ನಿಗದಿಯಾಯಿತು. ಅವಳು ಬರಲೇಬೇಕೆಂದು ನಾನು ಹಟ ಹಿಡಿದೆ.

“ಬ್ಯಾಡ್ರಿ ಬಾಯಾರ, ಮನ್ಯಾಗ ಗೊತ್ತಿಲ್ರಿ. ನನಗ ಈ ಅರ್ಧಾ ತಾಸ ಸಾಕ್ರಿ,” ಎಂದಳು.

ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಿರಿಯಳು, ಟೀಚರು, ಮನೆಗೆ ಹೋಗಿ ಗೌರವದಿಂದ ಕೇಳಿದರೆ ಯಾರು ಇಲ್ಲವೆನ್ನುತ್ತಾರೆ ಎಂಬ ಸೊಕ್ಕು ನನಗೆ. ಕುಬಸದ ಬಟ್ಟೆ, ತೆಂಗಿನಕಾಯಿ ಹಿಡಿದುಕೊಂಡು ಅವಳಿಗೆ ಹೇಳದೆಯೇ ಹೋದೆ.

ಅವಳ ಅತ್ತೆ ಕಂಬಳಿ ಹಾಸಿ ಕೂರಿಸಿದರು. ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

“ಆಡ್ಲಿ ಬಿಡ್ರಿ, ಯಾರ್ ಬ್ಯಾಡಂತಾರ? ಹಾಲ ಹಾಕಿ ಬರಾಕ ಇಷ್ಟ ತಡಾ ಯಾಕ ಆಗತೈತಿ ಅಂತ ನಮಗೂ ತಿಳಿದಿದ್ದಿಲ್ಲ ನೋಡ್ರಿ.”

ಕಸ್ತೂರಿ ಚಹಾ ತಂದಿಟ್ಟಳು. ನನ್ನ ಮುಖ ನೋಡಲಿಲ್ಲ. ನಾನು ಮಾತ್ರ ಕೆಲಸ ಹಣ್ಣಾಯಿತೆಂದುಕೊಂಡು ಎರಡು ಕಪ್ಪು ಚಹಾ ಕುಡಿದು ಬಂದೆ.

ಮರುದಿನ ಹಾಲು ತಂದವರು ಅವಳ ಮಾವ. ಅದರ ಮರುದಿನವೂ ಅವರೇ. ಗೋಕಾಕದಲ್ಲಿ ನಾವು ಸೋತೆವು. ಸೋತದ್ದಕ್ಕೆ ಯಾರೂ ಅಳಲಿಲ್ಲ. ಬಸ್ಸಿನಲ್ಲಿ ನಾನೊಬ್ಬಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ.

ಎರಡು ವರ್ಷದ ನಂತರ ಹುಕ್ಕೇರಿಯ ಸಂತೆಯಲ್ಲಿ ಕಸ್ತೂರಿ ಸಿಕ್ಕಳು. ಅತ್ತೆ ಎರಡು ಮಾರು ಮುಂದೆ ಮೆಣಸಿನಕಾಯಿ ಆರಿಸುತ್ತಿದ್ದರು.

“ರಿಂಗಿನ ಬಲಿ ಹರದಿತ್ತಲ್ರಿ, ಹೊಸಾದ ಹಾಕೀರೇನ್ರಿ?” ಎಂದು ಮೆಲ್ಲಗೆ ಕೇಳಿದಳು.

“ಹಾಕೇನಿ.”

“ಚಲೋ ಆತ ಬಿಡ್ರಿ.”

ಅಷ್ಟೇ. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತೇನೋ. ಅವಳು ಚೀಲ ಎತ್ತಿಕೊಂಡು ಅತ್ತೆಯ ಹಿಂದೆ ಹೋದಳು.

ಇಂದು ಕ್ಯಾನು ಇಟ್ಟವಳು ಬೇರೆ ಯಾರೋ. ಹೊಸ ಮುಖ, ಹಸಿರು ಬಳೆ. ಚೆಂಡನ್ನೇ ನೋಡುತ್ತಾ ನಿಂತಿದ್ದಳು.

“ಬಾಯಾರ, ನಾನೂ ಒಮ್ಮಿ ಒಗೀಲ್ರಿ? ಮನ್ಯಾಗ ಹೇಳಿಲ್ರಿ ಮತ್ತ.”

ಯಾವ ಊರು, ಯಾರ ಮನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೆಸರನ್ನೂ ಕೇಳಲಿಲ್ಲ. ಚೆಂಡನ್ನು ಅವಳ ಕೈಗಿತ್ತು, ಗೇಟಿನ ತನಕ ನಡೆದು, ಅವಳ ಮನೆಯವರು ಯಾರಾದರೂ ಈ ಕಡೆ ಬಂದಾರೇನೋ ಎಂದು ರಸ್ತೆ ಕಾಯುತ್ತಾ ನಿಂತೆ. ಬೆನ್ನ ಹಿಂದೆ ಚೆಂಡು ಪುಟಿಯುವುದು ಕೇಳಿಸುತ್ತಿತ್ತು. ಕಸ್ತೂರಿ ನನ್ನಿಂದ ಬೇಡಿದ್ದೂ ಇಷ್ಟೇ.