ಟಿವಿಯವರು ಕೇಳದೆ ಬಿಟ್ಟ ಕಾಫಿ

ನಿನ್ನೆ ಟಿವಿಯಲ್ಲಿ ಒಬ್ಬಾಕೆ ತಾಯಿಯ ಜೊತೆ ಮಾತಾಡುತ್ತ, ‘ಇಡ್ತೀನಮ್ಮ’ ಅಂತಲೂ ಅನ್ನದೆ ಫೋನ್ ಕಟ್ ಮಾಡಿದಳು. ನನಗೆ ರೇಗಿಹೋಯಿತು. ‘ಧಾರಾವಾಹಿಗೆಲ್ಲ ರೇಗೋ ವಯಸ್ಸು ಬಂತು ಕಣ್ರೀ ನಿಮ್ಗೆ’ ಎಂದು ಹೆಂಡತಿ ನಕ್ಕಳು. ವಯಸ್ಸಿನದಲ್ಲ, ಇದು ಹೆಗ್ಗದ್ದೆಯ ದೊಡ್ಡಮ್ಮ ಅಂಟಿಸಿದ ಚಟ.

ನೀವೇ ಗಮನಿಸಿ ನೋಡಿ, ಧಾರಾವಾಹಿಯ ಜನ ಹೊಸಿಲು ದಾಟಿದವರೇ ಜಗಳಕ್ಕೆ ಶುರು. ಚಪ್ಪಲಿ ಬಿಡುವುದಿಲ್ಲ, ಬಸ್ಸು ಸಿಕ್ತಾ, ಊಟ ಆಯ್ತಾ ಎಂಬುದಿಲ್ಲ. ಅರ್ಧ ಗಂಟೆಯಲ್ಲಿ ಆ ದಿನದ ಕಂತು ಮುಗಿಸಬೇಕಾದವರಿಗೆ ಪುರಸೊತ್ತೆಲ್ಲಿ? ದೊಡ್ಡಮ್ಮನಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. ತೊಂಬತ್ತರ ದಶಕದ ಆ ಮಧ್ಯಾಹ್ನಗಳಲ್ಲಿ, ಅವರು ಬಿಟ್ಟ ಮಾತನ್ನೆಲ್ಲ ತಾನು ಕೂತಲ್ಲಿಂದಲೇ ತುಂಬಿಸುತ್ತಿದ್ದಳು. ‘ಬಾರಪ್ಪ, ಕೂತ್ಕೊ. ಮನೇಲೆಲ್ಲ ಚೆನ್ನಾಗವ್ರಾ?’ ಖಳನಾಯಕನಿಗೂ ಇದೇ ಉಪಚಾರ. ಕಾಲೇಜಿಗೆ ಹೋಗುತ್ತಿದ್ದ ನಾನು ಮಹಾ ಬುದ್ಧಿವಂತನಂತೆ ನಗುತ್ತಿದ್ದೆ.

ಇಂಥ ದೊಡ್ಡಮ್ಮ ಪಕ್ಕದ ಮನೆಯ ವಾರಗಿತ್ತಿ, ಅಂದರೆ ನಮ್ಮ ಚಿಕ್ಕಮ್ಮನ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದಳು. ಮಗಳ ಮದುವೆಗೆ ಚಿಕ್ಕಮ್ಮ ತಾನೇ ಬಂದು ಕುಂಕುಮ ಕೊಟ್ಟು ಕರೆಯದೆ, ಪಕ್ಕದ ಮನೆಯಲ್ಲವೇ ಎಂದು ಲಗ್ನಪತ್ರಿಕೆಯನ್ನು ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಕಳಿಸಿದ್ದಳು. ದೊಡ್ಡಮ್ಮ ಮದುವೆಗೆ ಹೋಗಲಿಲ್ಲ. ಒಂದೇ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದವರು ಬೇಲಿಯ ಆಚೀಚೆ ಮುಖ ತಿರುಗಿಸಿಕೊಂಡು ಓಡಾಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಒಮ್ಮೆ ಚಿಕ್ಕಮ್ಮನ ಟಿವಿ ರಿಪೇರಿಗೆಂದು ಸಕಲೇಶಪುರಕ್ಕೆ ಹೋಯಿತು. ಧಾರಾವಾಹಿಯೋ ಮುಗಿಯುವ ವಾರದಲ್ಲಿತ್ತು. ಚಿಕ್ಕಮ್ಮ, ಧಾರಾವಾಹಿ ನೋಡಲು ಬರುತ್ತಿದ್ದ ಬೇರೆ ಹೆಂಗಸರ ಹಿಂದೆ ಬಂದು ದೊಡ್ಡಮ್ಮನ ಮನೆಯ ಬಾಗಿಲ ಹತ್ತಿರ ಕೂತಳು. ಟಿವಿಯೊಳಗೂ ಅತ್ತಿಗೆಯ ಮನೆಗೆ ನಾದಿನಿ ಬಂದಳು. ಅತ್ತಿಗೆ ಬಾಯಿಗೆ ಬಂದಂತೆ ಬಯ್ಯತೊಡಗಿದಳು.

‘ಮನೆಗೆ ಬಂದೋಳಿಗೆ ಒಂದ್ಲೋಟ ಕಾಫಿ ಕುಡಿ ಅನ್ನಕ್ಕೂ ಆಗಲ್ವಾ ಇವ್ಳಿಗೆ?’ ದೊಡ್ಡಮ್ಮ ಟಿವಿಗೆ ಹೇಳಿದಳು.

‘ಬಂದೋಳೂ ತಪ್ಪು ಮಾಡವ್ಳೆ. ಅದ್ಕೇ ಬಾಗ್ಲಲ್ಲೇ ನಿಂತವ್ಳೆ.’ ಚಿಕ್ಕಮ್ಮನೂ ಟಿವಿಗೇ ಹೇಳಿದಳು.

ಜಾಹೀರಾತು ಬಂದಾಗ ದೊಡ್ಡಮ್ಮ ಎದ್ದು ಒಳಗೆ ಹೋದಳು. ಕಾಫಿ ತಂದು, ಬಾಗಿಲ ಹತ್ತಿರ ಬಗ್ಗಿ ಲೋಟ ಇಟ್ಟಳು.

‘ಸಕ್ರೆ ಸಾಕಾ ನೋಡು.’

‘ಸಾಕು ಕಣಕ್ಕ.’ ಚಿಕ್ಕಮ್ಮ ಇನ್ನೂ ಕುಡಿದೇ ಇರಲಿಲ್ಲ.

ಲಗ್ನಪತ್ರಿಕೆಯ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಎರಡು ವರ್ಷದ ಮುನಿಸನ್ನು ಸಕ್ಕರೆಯ ವಿಚಾರಣೆಯಲ್ಲೇ ಮುಗಿಸಿದ ಆ ಇಬ್ಬರು ಹೆಂಗಸರ ಜಾಣ್ಮೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಧಾರಾವಾಹಿಯವರ ಮೇಲೆ ನಿನ್ನೆ ರೇಗಿದ್ದೇನೋ ನಿಜ. ನಿಮಗೆ ಇದನ್ನು ಹೇಳುತ್ತ ಹೇಳುತ್ತ ಆ ಸಿಟ್ಟು ಇಳಿದಿದೆ. ಅವತ್ತು ಟಿವಿಯ ಅತ್ತಿಗೆಯೇ ನಾದಿನಿಗೆ ಕಾಫಿ ಕೊಟ್ಟುಬಿಟ್ಟಿದ್ದರೆ, ನಮ್ಮ ದೊಡ್ಡಮ್ಮ ಸುಮ್ಮನೆ ನೋಡುತ್ತ ಕೂತಿರುತ್ತಿದ್ದಳು.