ಮಸರಕಲ್ಲಿನ ಗಡಿಗೆಯಲ್ಲಿ ಮುಂಗಾರು ಮಳೆ

ರಾಯಚೂರು ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಆರು ಗಂಟೆ, ಆಗಲೇ ಸೆಕೆ. ಎಂಬತ್ತರ ದಶಕದ ಆರಂಭದ ಒಂದು ಶ್ರಾವಣ. ಕಡಲ ದಂಡೆಯ ಪ್ರಯೋಗಾಲಯದಿಂದ ಖಾಲಿ ಸೀಸೆಗಳ ಪೆಟ್ಟಿಗೆ ಹೊತ್ತು ಬಂದಿದ್ದ ನನ್ನನ್ನು ಕೂಲಿಯವನು ಔಷಧಿ ಮಾರುವವಳೆಂದೇ ತಿಳಿದ.

ನಾನು ಓದುತ್ತಿದ್ದುದು ಬಂಗಾಳ ಕೊಲ್ಲಿಯನ್ನು. ಮಳೆಗಾಲದಲ್ಲಿ ಅದರ ಮೇಲ್ಪದರದ ಉಪ್ಪು ಇಳಿಯುತ್ತದೆ. ಸಿಹಿನೀರು ಸೇರಿದೆ ಎಂಬುದು ಅದರಿಂದ ಗೊತ್ತಾದೀತು. ಹೊಳೆ ತಂದದ್ದೆಷ್ಟು, ಮುಗಿಲಿನಿಂದ ನೇರ ಬಿದ್ದದ್ದೆಷ್ಟು ಎಂದು ಉಪ್ಪು ಹೇಳದು. ನೀರಿನ ಹಗುರ ಕಣಗಳ ನಡುವೆ ಒಂದಿಷ್ಟು ಭಾರದ ಕಣಗಳೂ ಇರುತ್ತವೆ. ಅವುಗಳ ಪಾಲು ಹೊಳೆಯಲ್ಲಿ ಒಂದು ಬಗೆ, ಮಳೆಯಲ್ಲಿ ಇನ್ನೊಂದು. ಅದಕ್ಕೇ ಕೊಲ್ಲಿಗೆ ಹರಿಯುವ ಈ ಸೀಮೆಯ ಹೊಳೆನೀರೂ ಮುಂಗಾರಿನ ಮೊದಲ ಮಳೆಯ ನೀರೂ ನನಗೆ ಬೇಕಿದ್ದವು.

ಮೊದಲ ದಿನ ಕಲ್ಮಲದ ಮೇಲೆ ಹಾಯ್ದು ಮಾನ್ವಿಗೆ ಹೋದೆ. ಅಲ್ಲಿ ಮಿರ್ಚಿಭಜಿ ತಿಂದು ಕಣ್ಣೀರು ಒರೆಸಿಕೊಳ್ಳುತ್ತಿದ್ದಾಗ ಅಕ್ಕಿ ಗಿರಣಿಯ ಸಾವುಕಾರರೊಬ್ಬರು ತುಂಗಭದ್ರೆಯವರೆಗೆ ತಮ್ಮ ಲಾರಿಯಲ್ಲಿ ಕಳಿಸಿದರು. ನಾನು ಹೊಳೆಗಿಳಿದು ಸೀಸೆ ತುಂಬುವುದನ್ನು ಡ್ರೈವರ್ ನೋಡುತ್ತ ನಿಂತಿದ್ದ. "ಸಮುದ್ರದ ದಂಡಿಯಿಂದ ಇಲ್ಲಿಗೆ ನೀರಿಗೆ ಬಂದೀರಿ! ಅಲ್ಲೇನು ಬತ್ತೇದೇನ್ರೀ?" ಎಂದು ನಕ್ಕ. ನನಗೂ ನಗು ಬಂತು.

ಮರುದಿನ ದೇವದುರ್ಗಕ್ಕೆ ಹೋಗಿ ಕೃಷ್ಣೆಯ ನೀರು ತುಂಬಿಕೊಂಡು, ವಾಪಸು ಬರುವಾಗ ಮಸರಕಲ್ಲಿನಲ್ಲಿ ಇಳಿದೆ. ಅಲ್ಲಿನ ಶಾಲೆಯ ಹನುಮಂತಪ್ಪ ಮಾಸ್ತರರಿಗೆ ಬೇಸಿಗೆಯಲ್ಲೇ ಒಂದು ಪ್ಲಾಸ್ಟಿಕ್ ಕ್ಯಾನು, ಲಾಳಿಕೆ ಕಳಿಸಿದ್ದೆ. ಮೊದಲ ಮಳೆ ಹಿಡಿದು ಬಿಗಿಯಾಗಿ ಮುಚ್ಚಿಡಿ ಎಂದು ಬರೆದಿದ್ದೆ. ಮುಂಗಾರು ಎರಡು ಸಲ ಬಾರದು. ಇದು ಕೈತಪ್ಪಿದರೆ ಆ ವರ್ಷದ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು.

ಮಾಸ್ತರರ ಮನೆ ಊರ ಹೊರಗಿನ ಓಣಿಯಲ್ಲಿತ್ತು. ಆ ಓಣಿಯಿಂದ ನೌಕರಿಗೆ ಸೇರಿದವರಲ್ಲಿ ಅವರೇ ಮೊದಲಿಗರು. ಅವರ ತಾಯಿ ದುರುಗವ್ವ ಹಿಗ್ಗಿನಿಂದ ಮೂಲೆಯ ಗಡಿಗೆ ತೋರಿಸಿದಳು. "ಪ್ಲಾಸ್ಟಿಕ್ಕಿನ್ಯಾಗ ನೀರು ಕಾಯ್ತದಂತ ಮೊನ್ನೆ ಹೊಸಾ ಗಡಿಗಿಗಿ ಹಾಕೀನ್ರೀ ಅಕ್ಕಾರ. ಮುಟ್ಟಿ ನೋಡ್ರಿ, ಎಷ್ಟು ತಣ್ಣಗದ!"

ಗಡಿಗೆಯ ಮೈ ಬೆವರಿತ್ತು. ತುಂಬಲೆಂದು ತೆಗೆದ ಸೀಸೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆ.

"ಏನ್ ಮಾಡಿದಿ ಯವ್ವಾ! ಈ ನೀರು ಅವರ ಕೆಲಸಕ್ಕ ಬರಾಂಗಿಲ್ಲ" ಎಂದು ಮಾಸ್ತರರು ತಲೆ ಹಿಡಿದುಕೊಂಡರು.

ದುರುಗವ್ವನ ಮುಖ ಸಣ್ಣದಾಯಿತು. "ನಮ್ಮ ಗಡಿಗ್ಯಾಗ ಇಟ್ಟಿದ್ದಕ್ಕೇನ್ರೀ?" ಎಂದು ಮೆಲ್ಲಗೆ ಕೇಳಿದಳು.

ಮಳೆ ಕಳೆದುಕೊಂಡ ಸಂಕಟ ಅಲ್ಲಿಗೇ ನಿಂತಿತು. ಆ ಪ್ರಶ್ನೆಯೇ ನನ್ನನ್ನು ಹೆಚ್ಚು ನೋಯಿಸಿತು. ಗಡಿಗೆಯ ಬಳಿ ಕೂತು ಹೇಳಿದೆ: "ಇಲ್ಲ ಯವ್ವಾ. ಮಣ್ಣಿನ ಗಡಿಗೆ ಬೆವರಿದರೆ ಹಗುರ ನೀರು ಮೊದಲು ಹಾರಿಹೋಗ್ತದೆ, ಭಾರದ್ದು ಹಿಂದೆ ಉಳೀತದೆ. ಬಿಸಿಲಿಗೆ ಸಮುದ್ರದ ಮೇಲ್ಮೈಯೂ ಹೀಗೇ. ಅಲ್ಲಿ ಉಪ್ಪೂ ಉಳಿದು ಗಟ್ಟಿಯಾಗ್ತದೆ. ಗಡಿಗೆ ಯಾರದಾದರೂ ಅಷ್ಟೇ."

"ಗೌಡರ ಮನಿ ಗಡಿಗ್ಯಾಗ ಇಟ್ಟಿದ್ರೂ?"

"ಅಷ್ಟೇ ಕೆಡ್ತಿತ್ತು."

ಆಕೆ ಮಗನ ಕಡೆ ನೋಡಿದಳು. ಅವರು ಹೌದೆಂದು ತಲೆಯಾಡಿಸಿದರು. "ಹಂಗಾರ ಚೆಲ್ಲಲೇನ್ರೀ ಇದನ್ನ?"

"ಬೇಡ. ಬಾಯಾರಿದೆ, ಕುಡಿಯಲು ಕೊಡಿ."

ಆಕೆ ಲೋಟ ತುಂಬಿದಳು. ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಊರೊಳಗಿನವರಿಗೆ ಏನೇ ಆದರೂ ಹಾಗೆ ಕೊಟ್ಟೇ ಆಕೆಗೆ ರೂಢಿ. ಲೋಟ ಎತ್ತಿ ಕುಡಿದೆ. ನಾನು ನೂರಾರು ಮೈಲಿ ಅರಸಿ ಬಂದ ಮುಂಗಾರು ತಣ್ಣಗೆ ಗಂಟಲಲ್ಲಿ ಇಳಿಯಿತು. ರಸ್ತೆಯಲ್ಲಿ ರಾಯಚೂರಿನ ಬಸ್ಸು ಹಾರ್ನು ಹೊಡೆಯಿತು. ಮಾಸ್ತರರು ಪೆಟ್ಟಿಗೆ ಎತ್ತಿಕೊಂಡು ಅವಸರ ಮಾಡಿದರು. ನಾನು ಖಾಲಿ ಲೋಟವನ್ನು ಆಕೆಯ ಕೈಗಿತ್ತು, "ಇನ್ನೊಂದು ಲೋಟ ಕೊಡು ಯವ್ವಾ" ಎಂದು ಕೈ ಚಾಚಿಯೇ ನಿಂತೆ. ದುರುಗವ್ವ ಲೋಟ ತುಂಬಿ ನೆಲದತ್ತ ಬಗ್ಗಿದವಳು ನನ್ನ ಕೈ ನೋಡಿ ತಡೆದು ನಿಂತಳು. ಆಮೇಲೆ ಮುಂದೆ ಬಂದು ಕೈಗೇ ಕೊಟ್ಟಳು.