ಕುದಿಸಬಾರದ ಚಹಾ

ಮದುವೆಯಾಗಿ ಎರಡು ವರ್ಷವಾಗಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ನಾನು ರೊಟ್ಟಿ ತಟ್ಟಬಹುದಿತ್ತು, ಹೋಳಿಗೆ ಬೇಯಿಸಬಹುದಿತ್ತು, ಚಹಾ ಮಾತ್ರ ಮಾಡುವಂತಿರಲಿಲ್ಲ. ಅದು ಅತ್ತೆಯ ಪಾತ್ರೆ, ಅತ್ತೆಯ ಇಕ್ಕಳ. ಬಂದ ಹೊಸದರಲ್ಲಿ ನನ್ನ ಚಹಾ ಕುಡಿದು, "ಮುಸುರಿ ನೀರು ಇದಕ್ಕಿಂತ ದಪ್ಪ ಇರ್ತೈತೆ" ಎಂದಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ದಿನ ಅತ್ತೆಯೇ ನನ್ನ ಕೈಯಿಂದ ಚಹಾ ಕೇಳಿ ಕುಡಿಯಬೇಕು ಎಂದು ಹಟ ಹಿಡಿದಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹರಿಹರದ ಕಾರ್ಖಾನೆಯಲ್ಲಿದ್ದ ನನ್ನಣ್ಣ ಒಂದು ಡಬ್ಬಿ ತಂದುಕೊಟ್ಟ. ಯಂತ್ರ ಕೂಡಿಸಲು ತೈವಾನಿನಿಂದ ಬಂದಿದ್ದ ಇಂಜಿನಿಯರು ಕೊಟ್ಟದ್ದಂತೆ. ಜಿನ್ಸೆಂಗ್ ಎಂಬ ಔಷಧಿ ಬೇರಿನ ಪುಡಿ ಹಚ್ಚಿದ, ಊಲಾಂಗ್ ಎನ್ನುವ ಚಹಾ. ಮುಚ್ಚಳ ತೆಗೆದರೆ ಬೂದುಹಸಿರು ಗುಂಡುಗಳು!

"ಅಯ್ಯ, ಬೂಸ್ಟು ಹಿಡಿದೈತಲ್ಲ!" ಎಂದು ಅತ್ತೆ ಅದನ್ನು ಬೇಳೆ ತೊಳೆದ ಹಾಗೆ ಎರಡು ನೀರಿನಲ್ಲಿ ತೊಳೆದರು. ಆಮೇಲೆ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿಯೇ ಕುದಿಸಿದರು. ಬಣ್ಣ ಬಿಡಲಿಲ್ಲವೆಂದು ಇನ್ನೊಂದು ಹಿಡಿ ಹಾಕಿದರು. ಗುಂಡುಗಳೆಲ್ಲ ಬಿಚ್ಚಿ ಎಲೆಯಾಗಿ ಪಾತ್ರೆ ತುಂಬಿತು.

"ಇದೇನ್ ಚಹಾನೋ, ಪಾಲಕ್ ಸಾರೋ?" ಎಂದರು ಮಾವ. ಆ ಮನೆಯಲ್ಲಿ ಮೊದಲ ಸಲ ತುಂಬಿದ ಕಪ್ಪುಗಳು ಬಚ್ಚಲಿಗೆ ಹೋದವು.

"ನಿಮ್ಮಣ್ಣ ಯಾವ ಗಿಡದ ಕಾಯಿ ತಂದಾನೋ!" ಎಂದರು ಅತ್ತೆ. ತವರಿನ ಮಾತು ಬಂದರೆ ಸುಮ್ಮನಿರುತ್ತೇನೆಯೇ? ಮರುದಿನ ಬೆಳಿಗ್ಗೆಯೇ ಹರಿಹರದ ಬಸ್ಸು ಹತ್ತಿದೆ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ತನಗಾಗಿ ಇಟ್ಟುಕೊಂಡಿದ್ದ ಗುಂಡುಗಳನ್ನು ಒಂದು ಚಮಚ ಲೋಟಕ್ಕೆ ಹಾಕಿ ಬಿಸಿನೀರು ಸುರಿದ. ಮೊದಲ ನೀರು ತಕ್ಷಣ ಚೆಲ್ಲಿದ. ಎರಡನೇ ನೀರು ಸುರಿದು ಮೂರು ನಿಮಿಷ ಮುಚ್ಚಿಟ್ಟ. "ಹಾಲು ಬ್ಯಾಡ, ಸಕ್ಕರಿ ಬ್ಯಾಡ, ಒಲಿ ಮ್ಯಾಲೆ ಇಡಬ್ಯಾಡ" ಎಂದ.

ಕುಡಿದೆ. ಮೊದಲು ಹಸಿ ಕಹಿ. ನುಂಗಿದ ಮೇಲೆ ಗಂಟಲಿನಿಂದ ಸಿಹಿ ಎದ್ದು ಬಂತು ನೋಡಿ, ಜ್ಯೇಷ್ಠಮಧು ಅಗಿದ ಹಾಗೆ! ಅಯ್ಯೋ ಶಿವನೇ, ಕುಣಿಯುವುದೊಂದು ಬಾಕಿ. ವಾಪಸು ಬರುವಾಗ ಬಾತಿ ಕೆರೆ ದಾಟಿದರೂ ಆ ಸಿಹಿ ನಾಲಿಗೆಯಲ್ಲೇ ಇತ್ತು.

ಮನೆಗೆ ಬಂದಾಗ ಅತ್ತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಸೀದಾ ಹೋಗಿ ಡಬ್ಬಿಯಲ್ಲಿ ಉಳಿದಿದ್ದ ಗುಂಡುಗಳನ್ನು ಲೋಟಕ್ಕೆ ಹಾಕಿ ನೀರು ಕಾಯಿಸಿದೆ.

"ಪಾತ್ರೆ ಯಾಕ ಮುಟ್ಟೀಯೇ?"

"ಇದೊಂದ್ ಸಲ ಸುಮ್ನೆ ಕೂಡ್ರಿ, ಅತ್ತಿ."

ಮೊದಲ ನೀರು ಚೆಲ್ಲಿದೆ. "ಚಾ ಎಲ್ಲಾ ಬಚ್ಚಲಿಗೆ ಹಾಕ್ತೀಯಲ್ಲೇ!" ಎಂದು ಕೂಗಿದರು.

"ನಿನ್ನೆ ನೀವು ಅದಕ್ಕೆ ಹಚ್ಚಿದ ಪುಡಿನೇ ತೊಳೆದು ಬಚ್ಚಲಿಗೆ ಹಾಕಿದ್ರಿ!"

ಬಾಯಿ ಜಾರಿತ್ತು. ಕಪ್ಪು, ಬಸಿ ತಂದು ಅವರ ಮುಂದಿಟ್ಟೆ. ಅತ್ತೆ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದರು.

"ಸಪ್ಪೆ" ಎಂದರು. ಅವರು ಮಂಡಕ್ಕಿಗೆ ಕೈಹಾಕಿದವರು ಹಾಗೇ ನಿಲ್ಲಿಸಿ ನಾಲಿಗೆ ಚಪ್ಪರಿಸಿದರು. "ಇದೇನೇ, ಈಗ ಸಿಹಿ ಬರ್ತೈತಲ್ಲ? ಇನ್ನೊಂದೀಟು ಹಾಕು."

ಕೇಳಿದರು! ಕೇಳಿಯೇಬಿಟ್ಟರು!

ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಅಭ್ಯಾಸದಂತೆ ಅಡುಗೆಮನೆಗೆ ಎದ್ದ ಅತ್ತೆ ಮತ್ತೆ ಕೂತರು. "ಕೂಡ್ರಿ. ಚಾ ನಮ್ಮ ಸೊಸಿ ಮಾಡ್ತಾಳೆ."

"ಯಾವ ಚಾ ಮಾಡ್ಲಿ, ಅತ್ತಿ?"

"ನಿನಗೆ ಹೆಂಗೆ ಬರ್ತೈತೋ ಹಂಗೆ ಮಾಡು."

ಹಾಲಿನ ಚಹಾವನ್ನೇ ಮಾಡಿದೆ, ಎರಡು ವರ್ಷದ ಹಿಂದಿನಷ್ಟೇ ತೆಳ್ಳಗೆ. ಅತ್ತೆ ಬಸಿಯಲ್ಲಿ ಒಂದು ಹನಿಯನ್ನೂ ಉಳಿಸಲಿಲ್ಲ.